ನಿನ್ನ ಕಣಜದ ಬಾಗಿಲು ಯಾರಿಗೆ ತೆರೆದಿದೆ?

ಬೈಬಲ್ ತೆಗೆಯಿರಿ, ಮೊಬೈಲ್‌ನಲ್ಲಾದ್ರೂ ಪರವಾಗಿಲ್ಲ. ಲೂಕನ ಸುವಾರ್ತೆ 12ನೇ ಅಧ್ಯಾಯ, 13ರಿಂದ 21ನೇ ವಚನ.

ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಐಶ್ವರ್ಯವಂತನ ಸಾಮ್ಯ ನಮಗೆಲ್ಲ ಗೊತ್ತು. ಆದ್ರೆ ಯೇಸು ಸ್ವಾಮಿ ಅದನ್ನ ಯಾಕೆ ಹೇಳಿದ್ರು? ಗುಂಪಿನಲ್ಲಿದ್ದ ಒಬ್ಬ ಬಂದು, ಆಸ್ತಿಯಲ್ಲಿ ನನಗೆ ಪಾಲು ಕೊಡೋಕೆ ನನ್ನ ಸಹೋದರನಿಗೆ ಹೇಳಿ ಅಂತ ಕೇಳಿದ. ಧರ್ಮೋಪದೇಶಕಾಂಡ 21:17 ನೋಡಿ. ಹಿರಿಯನಿಗೆ ಎರಡು ಪಾಲು. ಅಂದ್ರೆ ಉಳಿದ ಮಕ್ಕಳಿಗೂ ಪಾಲಿತ್ತು. ಇವನು ಕೇಳಿದ್ದು ನ್ಯಾಯವೇ ಇರಬಹುದು. ಆದ್ರೂ ಸ್ವಾಮಿ ಪಂಚಾಯ್ತಿ ಮಾಡಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿದ್ರು. ನ್ಯಾಯ ನಮ್ಮ ಕಡೆ ಇದ್ದಾಗಲೂ ಲೋಭ ಒಳಗೆ ಕೂತಿರುತ್ತೆ, ಪ್ರಿಯರೇ.

ಈ ಮಾತು ಮೊದಲು ಬಿದ್ದಿದ್ದು ನನಗೇ. ಅಪ್ಪ ತೀರಿಕೊಂಡ ಮೇಲೆ ಒಂದು 30×40 ಸೈಟಿಗಾಗಿ ನಾನೂ ನಮ್ಮಣ್ಣನೂ ಮಾತು ಬಿಟ್ಟೆವು. 2 ವರ್ಷ! ಭಾನುವಾರ ಇಲ್ಲಿ ನಿಂತು ಕ್ಷಮೆಯ ಬಗ್ಗೆ ಪ್ರಸಂಗ ಮಾಡ್ತಿದ್ದೆ. ರಾತ್ರಿ ಮನೇಲಿ ಕೂತು ಆ ಏರಿಯಾದಲ್ಲಿ ಚದರಡಿ ರೇಟ್ ಎಷ್ಟಾಗಿದೆ ಅಂತ ನೋಡ್ತಿದ್ದೆ.

ಸಾಮ್ಯದ ಈ ಮನುಷ್ಯನನ್ನ ಗಮನಿಸಿ. ಅವನು ಮಾತಾಡೋದು ತನ್ನ ಜೊತೆ ಮಾತ್ರ. ಎಲ್ಲದಕ್ಕೂ 'ನನ್ನ'. ಅವನ ಲೆಕ್ಕದಲ್ಲಿ ಕೊಯ್ಲು ಮಾಡಿದ ಕೂಲಿಯವರಿಲ್ಲ, ನೆರೆಯವನಿಲ್ಲ, ಬೆಳೆ ಕೊಟ್ಟ ದೇವರೂ ಇಲ್ಲ. ಆ ರಾತ್ರಿಯೇ ಅವನ ಪ್ರಾಣ ಹೋಗುತ್ತೆ. ಇದೆಲ್ಲ ಇನ್ನು ಯಾರದಾಗುತ್ತೆ ಅಂತ ದೇವರು ಕೇಳ್ತಾರೆ. ಉತ್ತರ ಸ್ವಾಮಿಯ ಎದುರಿಗೇ ನಿಂತಿದೆ: ಪಾಲಿಗಾಗಿ ಜಗಳ ಆಡೋ ಅಣ್ಣ ತಮ್ಮ.

"ಬ್ರದರ್, ಹಾಗಾದ್ರೆ ಎಸ್‌ಐಪಿ ಹಾಕೋದು ಪಾಪನಾ?" ಅಂತ ಯೌವನಸ್ಥರು ಕೇಳ್ತೀರಿ. ಅಲ್ಲ. ಆದಿಕಾಂಡ 41ರಲ್ಲಿ ಯೋಸೇಫನೂ 7 ವರ್ಷ ಕಣಜ ತುಂಬಿಸಿದ. ಬರ ಬಂದಾಗ ಬಾಗಿಲು ತೆಗೆದ. ಧಾನ್ಯ ಕೇಳಿ ಬಂದವರಲ್ಲಿ ಅವನನ್ನೇ ಮಾರಿದ ಅಣ್ಣಂದಿರೂ ಇದ್ರು. ಯೋಸೇಫ ಅವರನ್ನ ಗದರಿಸಿದ, ಪರೀಕ್ಷಿಸಿದ. ಆದ್ರೆ ಹಸಿವಿನಲ್ಲಿ ಬಿಡಲಿಲ್ಲ. ಚೀಲ ತುಂಬಿಸಿ, ಅವರು ಕೊಟ್ಟ ಹಣವನ್ನೂ ಅದರಲ್ಲೇ ಇಡಿಸಿದ.

ಎರಡೂ ಕಣಜಗಳೇ. ಒಂದಕ್ಕೆ ಒಳಗಿಂದ ಚಿಲಕ. ಇನ್ನೊಂದು ಅನ್ಯಾಯ ಮಾಡಿದವರಿಗೂ ತೆರೀತು. ಹಲ್ಲೆಲೂಯ!

ಕಳೆದ ಮಂಗಳವಾರ ಅಣ್ಣನಿಗೆ ಫೋನ್ ಮಾಡಿದೆ. ಸೈಟಿನ ಮಾತೆತ್ತಲಿಲ್ಲ. "ಊಟ ಆಯ್ತಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಮಾತ್ರೆ ಮುಗೀತಾ ಬಂತು, ಬರುವಾಗ ತಗೊಂಡು ಬಾ" ಅಂದ. ಪಾಲು ಇನ್ನೂ ಆಗಿಲ್ಲ. ನನ್ನ ಪಾಲು ಬೇಡ ಅನ್ನುವಷ್ಟು ದೊಡ್ಡ ಆತ್ಮಿಕನೂ ನಾನಲ್ಲ. ಆದ್ರೆ ಆ ಸೈಟ್ ನನ್ನ ದೇವರಲ್ಲ ಅಂತ ಈಗ ಬಾಯಿ ಬಿಟ್ಟು ಹೇಳಬಲ್ಲೆ.

ಈ ತಿಂಗಳು ಸಂಬಳದ ಮೆಸೇಜ್ ಬಂದಾಗ ನಿಮ್ಮನ್ನೇ ಕೇಳಿಕೊಳ್ಳಿ: ಈ ಬಾಗಿಲು ಯಾರಿಗೆ ತೆರೆದಿದೆ? ದುಡ್ಡಿನ ವಿಷಯಕ್ಕೆ ಯಾರ ನಂಬರ್ ಬ್ಲಾಕ್ ಮಾಡಿದ್ದೀರೋ, ಆ ಹೆಸರನ್ನ ಇವತ್ತು ಪ್ರಾರ್ಥನೆಯಲ್ಲಿ ಹೇಳಿ.

ಕಣ್ಣು ಮುಚ್ಚೋಣ. ಕರ್ತನೇ, ನಾವು ಹಾಕಿರುವ ಚಿಲಕವನ್ನು ನೀನೇ ತೆಗೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.