ನೂರರಲ್ಲಿ ಎಷ್ಟು ಮಂದಿ ಉಳಿದರು?



ಮಗುವಿಗೆ ರಕ್ತದ ಕ್ಯಾನ್ಸರೋ ಥಲಸ್ಸೇಮಿಯಾವೋ ಇದೆ, ಅಸ್ಥಿಮಜ್ಜೆಯ ಕಸಿ ಆಗಬೇಕು ಎಂದು ವೈದ್ಯರು ಹೇಳಿದ ದಿನವೇ ಆ ಮನೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಎಲ್ಲಿ ಮಾಡಿಸುವುದು? ನಮ್ಮ ದೇಶದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆರಂಭವಾಯಿತು. ಇಂದು ಬೆಂಗಳೂರಿನಲ್ಲೇ ಹಲವು ಕೇಂದ್ರಗಳಿವೆ. ಒಂದು ಕಡೆ ನೂರಕ್ಕೆ 90 ಮಂದಿ ಉಳಿದರು, ಇನ್ನೊಂದು ಕಡೆ 70 ಮಂದಿ ಎಂದು ಕೇಳಿದರೆ ಯಾವ ತಂದೆತಾಯಿ ತಾನೇ 90ರ ಕಡೆಗೆ ಓಡುವುದಿಲ್ಲ? ಓಡುವುದು ತಪ್ಪಲ್ಲ. ಆದರೆ ಆ ಅಂಕಿ ಪೂರ್ಣ ಸತ್ಯವನ್ನು ಹೇಳುತ್ತಿದೆಯೇ ಎಂದು ಕೇಳಬೇಡವೇ?

ನಮ್ಮ ಕಡೆಯ ಹೊಲಗದ್ದೆಗಳನ್ನೇ ನೋಡಿ. ಸೂಳೆಕೆರೆಯ ನೀರು ಹರಿಯುವ ಗದ್ದೆಗೆ ಬರುವ ಫಸಲು ಜಗಳೂರಿನ ಬೆದ್ದಲು ಭೂಮಿಗೆ ಬಾರದು. ಮೂಟೆಗಳನ್ನು ಮಾತ್ರ ಎಣಿಸಿ, ಜಗಳೂರಿನ ರೈತ ಸೋಮಾರಿ ಎಂದು ಯಾರಾದರೂ ತೀರ್ಪಿತ್ತರೆ ನೀವು ಒಪ್ಪುವಿರಾ? ಆ ಮಣ್ಣಿಗೆ, ಆ ಮಳೆಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು? ನ್ಯಾಯವಾದ ಪ್ರಶ್ನೆ ಇದು.

ಆಸ್ಪತ್ರೆಯ ಲೆಕ್ಕವೂ ಹೀಗೆಯೇ. ರೋಗಿಯದೇ ಕಾಂಡಕೋಶಗಳನ್ನು ತೆಗೆದಿಟ್ಟು ಮರಳಿ ಕೊಡುವ ಕಸಿಯಲ್ಲಿ ಜೀವಾಪಾಯ ಕಡಿಮೆ. ಬೇರೆಯವರಿಂದ ಪಡೆದು ಮಾಡುವ ಕಸಿಯಲ್ಲಿ ಹೆಚ್ಚು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ವಯಸ್ಸು, ರೋಗ ಹತೋಟಿಗೆ ಬಂದಿದೆಯೋ ಇಲ್ಲವೋ, ಇವೆಲ್ಲವೂ ಫಲವನ್ನು ಬದಲಿಸುತ್ತವೆ. ವರ್ಷಕ್ಕೆ ಹತ್ತೇ ಕಸಿ ಮಾಡುವ ಕೇಂದ್ರದಲ್ಲಿ ಒಂದು ಸಾವು ಹೆಚ್ಚಾದರೆ ಲೆಕ್ಕ ಶೇಕಡಾ 10ರಷ್ಟು ಕುಸಿಯುತ್ತದೆ. ಆದ್ದರಿಂದಲೇ ಅಮೆರಿಕದಲ್ಲಿ 2005ರ ಕಾನೂನಿನಂತೆ ಪ್ರಕಟವಾಗುವ ಕೇಂದ್ರವಾರು ವರದಿಯು, ಬೇರೆಯವರ ಕೋಶ ಪಡೆದವರಲ್ಲಿ ಒಂದು ವರ್ಷದ ನಂತರ ಎಷ್ಟು ಮಂದಿ ಉಳಿಯಬಹುದಿತ್ತು, ಎಷ್ಟು ಮಂದಿ ಉಳಿದರು ಎಂಬುದನ್ನು ಹೋಲಿಸುತ್ತದೆ.

ಇಲ್ಲಿಯೇ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ಅಂಕಿಯಿಂದಲೇ ಹೆಸರು ಬರುವುದಾದರೆ, ಅಂಕಿ ಕೆಡಿಸಬಹುದಾದ ರೋಗಿಯನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವ ಶೋಧನೆ ಹುಟ್ಟುವುದಿಲ್ಲವೇ? ಇದು ಬರಿಯ ಊಹೆಯಲ್ಲ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳ ಲೆಕ್ಕ ಬಹಿರಂಗವಾಗತೊಡಗಿದ ಮೇಲೆ, ತೀರ ಅಸ್ವಸ್ಥರಿಗೆ ಶಸ್ತ್ರವೈದ್ಯರು ಸಿಗುವುದು ಕಷ್ಟವಾಗಿದೆ ಎಂದು ಅರ್ಧಕ್ಕಿಂತ ಹೆಚ್ಚು ಹೃದ್ರೋಗ ತಜ್ಞರು 1996ರ ಒಂದು ಸಮೀಕ್ಷೆಯಲ್ಲಿ ಹೇಳಿದರು. ಅಲ್ಲಿ ರೋಗಿಯ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. ಆದರೂ ಭಯ ಹೋಗಲಿಲ್ಲ. ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟುಹೋದ ಕುರಿಗಾಹಿಯು ಲೆಕ್ಕಪುಸ್ತಕಕ್ಕೆ ಅಂಜಿದ್ದರೆ ಹೊರಡುತ್ತಲೇ ಇರಲಿಲ್ಲ.

ಹಾಗಾದರೆ ಲೆಕ್ಕವನ್ನು ಮುಚ್ಚಿಡಬೇಕೇ? ಖಂಡಿತ ಬೇಡ. ಮನೆ ಮಾರಿ, ಸಾಲ ಮಾಡಿ ಮಗುವನ್ನು ಒಪ್ಪಿಸುವವರಿಗೆ ಸತ್ಯ ತಿಳಿಯುವ ಹಕ್ಕಿದೆ. ತನ್ನ ಸೋಲುಗಳನ್ನು ಎಣಿಸದ ಆಸ್ಪತ್ರೆ ಅವುಗಳನ್ನು ತಿದ್ದಿಕೊಳ್ಳುವುದೂ ಇಲ್ಲ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಗೆ ಮುಚ್ಚಿಟ್ಟ ಅಂಕಿಯೂ ವಿರುದ್ಧ, ಸುಲಭದ ರೋಗಿಗಳನ್ನೇ ಆರಿಸಿಕೊಂಡು ಮೆರೆಸಿದ ಅಂಕಿಯೂ ವಿರುದ್ಧ.

ಆದ್ದರಿಂದ ಇಂಥ ಸಂಕಟ ಬಂದ ಮನೆಯವರೇ, ಸಂಕೋಚಪಡದೆ ಕೇಳಿ: ನಮ್ಮ ಮಗುವಿನಂಥ ರೋಗ, ಇದೇ ವಯಸ್ಸು, ಇದೇ ಹೊಂದಾಣಿಕೆ ಇದ್ದವರು ಎಷ್ಟು ಮಂದಿ ಬಂದರು? ಆಸ್ಪತ್ರೆಯಿಂದ ಮನೆಗೆ ಹೋದವರೆಷ್ಟು ಎಂಬುದಷ್ಟೇ ಅಲ್ಲ, ವರ್ಷ ಕಳೆದ ಮೇಲೆ ಬದುಕಿರುವವರೆಷ್ಟು? ಎಂಥವರನ್ನು ನೀವು ಸೇರಿಸಿಕೊಳ್ಳುವುದಿಲ್ಲ? ಊರಿಗೆ ಮರಳಿದ ಮೇಲೆ ಸೋಂಕು, ಜ್ವರ ಬಂದರೆ ಯಾರನ್ನು ಕಾಣಬೇಕು?

ಕೊನೆಯ ಪ್ರಶ್ನೆಯ ಉತ್ತರದಲ್ಲಿ ನಮ್ಮ ಪಾಲೂ ಇದೆ. ಕಸಿಯಾದವರು ತಿಂಗಳುಗಟ್ಟಲೆ ಆಸ್ಪತ್ರೆಗೆ ಓಡಾಡಬೇಕು, ರಕ್ತ ಬೇಕು, ಶುಚಿಯಾದ ಊಟ ಬೇಕು. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ, ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿದ ಮೇಲೆ ರಕ್ತ ಕೊಡಲು ಒಬ್ಬರಾದರೂ ಹೊರಡಿ.