ಸೆರೆಮನೆಯೊಳಗಿನ ಪಾಠಶಾಲೆ



ಮಗನ ಕಾಲೇಜಿಗಾಗಿ ಹೊಲ ಅಡವಿಟ್ಟು ಸಾಲ ತೆಗೆದ ರೈತನಿಗೆ, ಜೈಲಿನಲ್ಲಿರುವ ಕಳ್ಳನನ್ನು ಸರ್ಕಾರವೇ ಪುಕ್ಕಟೆಯಾಗಿ ಓದಿಸುತ್ತದೆ ಎಂದು ಹೇಳಿದರೆ ಆತ ಏನೆಂದಾನು? “ಹಾಗಾದರೆ ನನ್ನ ಮಗನೂ ಕಳವು ಮಾಡಬೇಕೇನು?” ಎಂದೇ ಕೇಳಿಯಾನು. ಈ ಮಾತನ್ನು ನಾವು ಹಗುರವಾಗಿ ಕಾಣಲಾರೆವು. ಅದು ದುಡಿದು ತಿನ್ನುವವನ ಸಿಟ್ಟು.

ಅಮೆರಿಕದಲ್ಲಿ ಇಂಥದೇ ಮಾತು ಎದ್ದಿತ್ತು. ಬಡ ವಿದ್ಯಾರ್ಥಿಗಳಿಗೆ ಅಲ್ಲಿಯ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನವು ಕೈದಿಗಳಿಗೂ ದೊರೆಯುತ್ತಿತ್ತು. 1994ರ ಅಪರಾಧ ಕಾಯ್ದೆಯಿಂದ ಅದನ್ನು ನಿಲ್ಲಿಸಿದರು. ಜೈಲುಗಳೊಳಗೆ ನಡೆಯುತ್ತಿದ್ದ ಕಾಲೇಜು ತರಗತಿಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು.

ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪೇಟೆಯ ಹಿರಿಯರು ಮಾತಿಗಿಂತ ಮೊದಲು ಖಾತೆ ತೆರೆಯುತ್ತಾರೆ. ನಾವೂ ತೆರೆಯೋಣ. ಆ ಅನುದಾನದ ಒಟ್ಟು ಹಣದಲ್ಲಿ ಕೈದಿಗಳಿಗೆ ಹೋಗುತ್ತಿದ್ದುದು ನೂರಕ್ಕೆ 1 ಪಾಲಿಗಿಂತ ಕಡಿಮೆ. ಮೇಲಾಗಿ ಮನೆಯ ಆದಾಯ ನೋಡಿ ಅರ್ಹರಿಗೆಲ್ಲ ಕೊಡುವ ಹಣವದು. ಕೈದಿಗೆ ಕೊಟ್ಟರೆಂದು ಹೊರಗಿನ ಬಡವನ ಮಗನಿಗೆ ತಪ್ಪುತ್ತಿರಲಿಲ್ಲ. ಜೈಲಿನಲ್ಲಿ ಓದಿದವರು ಬಿಡುಗಡೆಯಾದ ಮೇಲೆ ಮತ್ತೆ ಒಳಗೆ ಬರುವುದು ಕಡಿಮೆ ಎಂದು 2013ರಲ್ಲಿ ರ‍್ಯಾಂಡ್ ಸಂಸ್ಥೆಯ ಅಧ್ಯಯನ ತೋರಿಸಿತು. ಓದಿಗೆ ಹಾಕಿದ 1 ಡಾಲರಿಗೆ ಮುಂದಿನ ಜೈಲುಖರ್ಚಿನಲ್ಲಿ 4-5 ಡಾಲರ್ ಉಳಿಯುತ್ತದೆಂಬುದೂ ಅದರ ಲೆಕ್ಕ.

ಆದರೂ ಲಾಭ ಬಂತೆಂದ ಮಾತ್ರಕ್ಕೆ ಧರ್ಮದ ಪ್ರಶ್ನೆ ತೀರುವುದಿಲ್ಲ. ಒಳಗಿರುವವರು ಯಾರು, ಅವರನ್ನು ತೂಗಿದ ತಕ್ಕಡಿ ಯಾವುದು ಎಂದು ಕೇಳಬೇಕಾಗುತ್ತದೆ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರು ನೂರಕ್ಕೆ 13-14ರಷ್ಟು. ಜೈಲುಗಳಲ್ಲಿ ಮಾತ್ರ ಸುಮಾರು ಮೂರರಲ್ಲಿ ಒಂದು ಪಾಲು. ಇದಕ್ಕೆ ಕಾರಣಗಳು ಹಲವು: ಬಡತನ, ಗುಲಾಮಗಿರಿಯ ಕಾಲದಿಂದ ಬಂದ ಭೇದ, ಪೋಲೀಸರ ಕಣ್ಣು ಬೀಳುವ ಓಣಿಗಳು. ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇವೆ, ತೂಕದ ವಿಷಯ ನಿಮಗೆ ಚೆನ್ನಾಗಿ ಗೊತ್ತು. ಕೊಕೇನ್ ಎಂಬ ಮಾದಕ ವಸ್ತು ಪುಡಿಯಾಗಿಯೂ ಮಾರಾಟವಾಗುತ್ತದೆ. ಅದನ್ನೇ ಅಡಿಗೆ ಸೋಡಾ ಹಾಕಿ ಕಾಯಿಸಿದರೆ ‘ಕ್ರ್ಯಾಕ್’ ಎಂಬ ಹರಳಾಗುತ್ತದೆ. ಮಾಲು ಒಂದೇ. 1986ರ ಕೇಂದ್ರ ಕಾಯ್ದೆಯ ಪ್ರಕಾರ ಮಾರಾಟಕ್ಕಿಟ್ಟ ಪುಡಿ 500 ಗ್ರಾಂ ಇದ್ದರೆ ಕನಿಷ್ಠ 5 ವರ್ಷ ಶಿಕ್ಷೆ. ಕ್ರ್ಯಾಕ್ ಆದರೆ 5 ಗ್ರಾಮಿಗೇ 5 ವರ್ಷ! ಕ್ರ್ಯಾಕ್ ಮೊಕದ್ದಮೆಗಳಲ್ಲಿ ಕೇಂದ್ರ ಜೈಲಿಗೆ ಹೋದವರಲ್ಲಿ ನೂರಕ್ಕೆ 80ರಷ್ಟು ಮಂದಿ ಕಪ್ಪು ಜನರೇ. ಅಂಥ ಕಲ್ಲಿನಿಂದ ತೂಗುವ ಅಂಗಡಿಗೆ ನಾವು ಎರಡನೆಯ ಸಲ ಹೋಗುತ್ತೇವೆಯೆ? 2010ರಲ್ಲಿ ತಿದ್ದಿದರು, ಸಮಕ್ಕೆ ತರಲಿಲ್ಲ; ಒಂದಕ್ಕೆ ನೂರಿದ್ದುದು ಒಂದಕ್ಕೆ ಹದಿನೆಂಟಾಯಿತು.

ಹಾಗೆಂದು ಒಳಗಿರುವವರೆಲ್ಲ ನಿರಪರಾಧಿಗಳೆಂದು ನಾವು ಹೇಳುವುದಿಲ್ಲ. ಕೊಲೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಈ ಅಂಕಿಗಳಿಂದ ಏನು ಸಮಾಧಾನ? ಅವಳ ಮುಂದೆ ನಮ್ಮ ವಾದವೂ ತಗ್ಗುತ್ತದೆ. ಆದರೆ ಶಿಕ್ಷೆಯೆಂದರೆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು. ಅಕ್ಷರವನ್ನೂ ಕಿತ್ತುಕೊಳ್ಳಬೇಕೆಂದು ಯಾವ ನ್ಯಾಯಾಧೀಶರ ತೀರ್ಪಿನಲ್ಲಿ ಬರೆದಿರುತ್ತದೆ?

ನಮ್ಮ ಮನಸ್ಸನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಮುಂದೆ ಕಪ್ಪು ಜನರ ದೊಡ್ಡ ನಾಯಕನಾದ ಮಾಲ್ಕಮ್ ಎಕ್ಸ್ ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ವಕೀಲನಾಗುವ ಆಸೆ ಹೇಳಿಕೊಂಡಾಗ, ಅದು ನಿನ್ನಂಥವರಿಗಲ್ಲ ಎಂದು ಶಿಕ್ಷಕರೇ ಹೇಳಿದ್ದರಂತೆ. ಕಳವಿನ ಅಪರಾಧಕ್ಕೆ 1946ರಲ್ಲಿ ಜೈಲು ಸೇರಿ, ಅಲ್ಲಿ ನಿಘಂಟನ್ನು ಪುಟಪುಟವಾಗಿ ನಕಲು ಮಾಡುತ್ತ ಓದು ಕಲಿತ. ಜೈಲಿನ ಗ್ರಂಥಾಲಯ ದೊಡ್ಡದು, ಸರಿ. ಹೊರಗಿದ್ದಾಗ ಆ ಬಾಗಿಲು ಏಕೆ ತೆರೆಯಲಿಲ್ಲ? ಜೈಲಿಗೆ ಶಾಲೆ ಬೇಕೆನ್ನುವ ನಾವು ಈ ಪ್ರಶ್ನೆಯನ್ನೂ ಹೊರಬೇಕಾಗಿದೆ.

ದೂರದ ದೇಶದ ಸುದ್ದಿಯೆಂದು ಕೈ ತೊಳೆದುಕೊಳ್ಳುವಂತಿಲ್ಲ. ಜಾತಿ ನೋಡಿ ಕೈದಿಗಳಿಗೆ ಕಸ ಬಳಿಯುವ, ಅಡಿಗೆ ಮಾಡುವ ಕೆಲಸ ಹಂಚುವ ನಿಯಮಗಳು ನಮ್ಮ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಇದ್ದವು. ಅವು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ.

ಅಮೆರಿಕದ ಸಂಸತ್ತು 2020ರ ಕೊನೆಗೆ ಆ ನಿಷೇಧವನ್ನು ತೆಗೆಯಿತು. 2023ರ ಜುಲೈ 1ರಿಂದ ಕೈದಿಗಳಿಗೆ ಅನುದಾನದ ಅರ್ಹತೆ ಮರಳಿತು. 1994ರಲ್ಲಿ ಇಪ್ಪತ್ತರ ಹುಡುಗನಾಗಿ ಒಳಗೆ ಹೋಗಿ ಅಲ್ಲಿಯೇ ಉಳಿದವನಿಗೆ ಅಷ್ಟರಲ್ಲಿ ನಲವತ್ತೊಂಬತ್ತಾಗಿತ್ತು.