ಅಂಗೈಯ ಸಂಯಮ

ಹೊರಗಿನಿಂದ ಹಾಕಿದ ಕಡಿವಾಣಕ್ಕೆ ಸಂಯಮ ಎಂಬ ಹೆಸರು ಸಲ್ಲುತ್ತದೆಯೆ? ಈ ಪ್ರಶ್ನೆ ನನಗೆ ಎದುರಾದದ್ದು ವೇದಾಂತದ ಪುಸ್ತಕದಲ್ಲಲ್ಲ, ಗೋ-ಕಾರ್ಟ್ ಪಂದ್ಯದ ನಿಯಮಗಳಲ್ಲಿ.

1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನನ್ನು ಕೊಳವೆಯ ಚೌಕಟ್ಟಿಗೆ ಕೂರಿಸಿದಾಗ ಕಾರ್ಟ್ ಬರಿಯ ಆಟದ ಬಂಡಿ. ಐವತ್ತು ವರ್ಷಗಳಲ್ಲಿ ಅದರ 100 ಸಿಸಿಯ ಟೂ-ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 20,000 ಸುತ್ತಿನವರೆಗೂ ಹೋಯಿತು. ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಲ ಪಿಸ್ಟನ್ ಮೇಲೇರಿ ಕೆಳಗಿಳಿಯಬೇಕು. ಸುತ್ತು 16,000ದಿಂದ 20,000ಕ್ಕೆ, ಅಂದರೆ ಕಾಲುಭಾಗ ಏರಿದರೆ ಪಿಸ್ಟನ್ನು ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ಒಂದೂವರೆ ಪಟ್ಟಿಗೂ ಮೀರುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಕೆಎಫ್ ಇಂಜಿನ್ನುಗಳು ಬಂದವು, ಜೊತೆಗೆ ರೆವ್ ಲಿಮಿಟರ್ ಬಂತು. ಮಿತಿ ಮುಟ್ಟಿದೊಡನೆ ಅದು ಪ್ಲಗ್ಗಿನ ಕಿಡಿಯನ್ನು ತಡೆಯುತ್ತದೆ. 2016ರ ಓಕೆ ಇಂಜಿನ್ನುಗಳಲ್ಲಿ ದೊಡ್ಡವರಿಗೆ 16,000, ಕಿರಿಯರಿಗೆ 14,000.

ಅದಕ್ಕೆ ಮುಂಚೆ ಇದ್ದದ್ದು ಅಂಗೈ. ಈ ಇಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲಿನೊಡನೆ ಬೆರೆತೇ. ನೇರ ಹಾದಿಯ ತುದಿಯಲ್ಲಿ ಕಾಲು ತೆಗೆದರೆ ಇಂಜಿನ್ ಭರದಿಂದ ತಿರುಗುತ್ತಲೇ ಇರುತ್ತದೆ, ಆಯಿಲ್ ಮಾತ್ರ ನಿಂತುಹೋಗುತ್ತದೆ. ಅದಕ್ಕೇ ಬಲ್ಲ ಚಾಲಕರು ತಿರುವು ಬರುವ ಮುನ್ನ ಒಂದು ಕೈಯನ್ನು ಸ್ಟಿಯರಿಂಗಿನಿಂದ ಬಿಡಿಸಿ, ಗಾಳಿ ಒಳಹೋಗುವ ಬಾಯನ್ನು ಅಂಗೈಯಿಂದ ಕ್ಷಣಕಾಲ ಮುಚ್ಚುತ್ತಿದ್ದರು. ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚು ಎಳೆದುಕೊಂಡ ಇಂಜಿನ್ನಿಗೆ ಗುಟುಕು ನೀರು ಕುಡಿಸಿದಂತೆ. ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ, ಗೆಲ್ಲುವ ಆತುರದಲ್ಲಿ, ಯಂತ್ರದ ಬಾಯಾರಿಕೆ ನೆನಪಾಗುವುದು ಸಣ್ಣ ಗುಣವಲ್ಲ. ನನ್ನ ಮನಸ್ಸು ಇವತ್ತಿಗೂ ಆ ಕೈಯ ಕಡೆಗೇ.

ಕಾರ್ಟ್ ಹುಚ್ಚಿನ ಅಕ್ಕನ ಮಗ ಲಿಮಿಟರನ್ನು ಒಪ್ಪುವುದಿಲ್ಲ. "ನನ್ನ ಇಂಜಿನ್ ನಾನು ಸುಟ್ಟುಕೊಂಡರೆ ಊರಿಗೇನು ಮಾಮ?" ಎನ್ನುತ್ತಾನೆ. ಊರಿಗೆ ಇದೆ. ಕ್ಲಚ್ ಇಲ್ಲದ ಆ 100 ಸಿಸಿ ಬಂಡಿಯಲ್ಲಿ ಇಂಜಿನ್ ಸೀಜ್ ಆದರೆ ಹಿಂದಿನ ಚಕ್ರಗಳೂ ಕಚ್ಚಿ ನಿಲ್ಲುತ್ತವೆ, ಬಂಡಿ ಗಿರ್ರನೆ ತಿರುಗುತ್ತದೆ. ಬೆನ್ನಿಗೇ ಬರುತ್ತಿರುವ ಹುಡುಗ ಎಲ್ಲಿಗೆ ಹೋಗಬೇಕು? ಇನ್ನು ದುಡ್ಡಿನ ಮಾತು. ದಿನಕ್ಕೊಂದು ಪಿಸ್ಟನ್ ಬದಲಿಸಬಲ್ಲವನ ಮಗನಿಗೆ ಅಂಗೈಯ ಹಂಗೇ ಇರಲಿಲ್ಲ. ಬಡವನ ಮಗನಿಗೆ ಇಂಜಿನ್ ಉಳಿಸಿಕೊಳ್ಳುವುದು ಗುಣವಲ್ಲ, ಗತಿ. ಲಿಮಿಟರ್ ಇಬ್ಬರನ್ನೂ ಒಂದೇ ಅಂಕಿಯಲ್ಲಿ ತಡೆಯುತ್ತದೆ. ಇದನ್ನು ನಾನು ನ್ಯಾಯ ಎನ್ನುತ್ತೇನೆ. ಸಂಯಮ ಎನ್ನಲು ಮಾತ್ರ ನಾಲಗೆ ಹೊರಳದು.

ಯಾಕೆಂದರೆ ಮಿತಿ ಗೊತ್ತಾದ ಮೇಲೆ ಎಲ್ಲರ ಲೆಕ್ಕವೂ ಅದನ್ನು ಮುಟ್ಟುವುದಕ್ಕೇ. ನೇರ ಹಾದಿ ಮುಗಿಯುವಲ್ಲಿ ಸರಿಯಾಗಿ 16,000 ಆಗುವಂತೆ ಹಿಂದಿನ ಸ್ಪ್ರಾಕೆಟಿನ ಹಲ್ಲು ಎಣಿಸುತ್ತಾರೆ. ಒಂದು ಹಲ್ಲು ಹೆಚ್ಚಾದರೆ ಇಂಜಿನ್ ಮೊದಲೇ ತಡವರಿಸುತ್ತದೆ, ಕಡಿಮೆಯಾದರೆ ತಿರುವಿನಿಂದ ಏಳುವಾಗ ಸೋಮಾರಿಯಾಗುತ್ತದೆ. ಆ ಹಲ್ಲುಗಳ ವಾದದಲ್ಲಿ ಇಂಜಿನ್ನಿನ ಆಯಸ್ಸಿನ ಮಾತೆತ್ತಿದವರನ್ನು ನಾನಿನ್ನೂ ಕಂಡಿಲ್ಲ.